ಬರದ ನಾಡಿಗೆ ಬಂದ ನೆರೆ: ಮಲಪ್ರಭೆ ಕಲಿಸಿದ ಪಾಠ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದೊಡನೆ ನಿಮಗೆ ಏನೇನು ನೆನಪಾಗುತ್ತದೆ? ಕಿತ್ತೂರ ರಾಣಿ ಚನ್ನಮ್ಮ, ಸಂಗೊಳ್ಳಿ ರಾಯಣ್ಣ, ಸವದತ್ತಿಯ ಕೋಟೆ, ರಾಮದುರ್ಗದ ನೇಕಾರರ ಮಗ್ಗ. ಈ ಪಟ್ಟಿಯಲ್ಲಿ ನೆರೆ ಎಂಬ ಮಾತು ಸಾಮಾನ್ಯವಾಗಿ ಬರುವುದಿಲ್ಲ. ನಮ್ಮ ಸೀಮೆಯ ಇತಿಹಾಸವನ್ನು ತೆರೆದು ನೋಡಿದರೆ ಅಲ್ಲಿ ಕಾಣುವುದು ಹೆಚ್ಚಾಗಿ ಬರ. 1791-92ರ ಭೀಕರ ಬರಗಾಲಕ್ಕೆ ಜನರು ಇಟ್ಟ ಹೆಸರು ಡೋಗಿ ಬರ. ಸತ್ತವರನ್ನು ಹೂಳುವವರೂ ಇಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದರಿಂದ ಆ ಹೆಸರು ಬಂತು. ಅನಂತರ 1876-78ರ ಬರ ಬಂತು. ನಮ್ಮ ಹಿರಿಯರು ಧಾನ್ಯವನ್ನು ಹಗೇವಿನಲ್ಲಿ ತುಂಬಿಟ್ಟಿದ್ದೂ, ಕೆರೆ-ಬಾವಿಗಳನ್ನು ಜತನ ಮಾಡಿದ್ದೂ ಬರದ ಅಂಜಿಕೆಯಿಂದಲೇ.

ಬರವು ನಿಧಾನವಾಗಿ ಬರುತ್ತದೆ, ತಿಂಗಳುಗಟ್ಟಲೆ ಇರುತ್ತದೆ, ಆದ್ದರಿಂದ ತಲೆತಲಾಂತರ ನೆನಪಿನಲ್ಲಿ ಉಳಿಯುತ್ತದೆ. ನೆರೆ ಹಾಗಲ್ಲ. ಒಂದೆರಡು ರಾತ್ರಿಯಲ್ಲಿ ಬಂದು ಹೋಗುತ್ತದೆ. ಹತ್ತು ವರ್ಷ ಬಾರದಿದ್ದರೆ ನಾವು ಅದನ್ನು ಮರೆತೇ ಬಿಡುತ್ತೇವೆ. ನಮ್ಮ ಭಾಗದಲ್ಲಿ ನೆರೆಯಿಂದಾದ ಹಾನಿಗೆ ನೀರು ಎಷ್ಟು ಕಾರಣವೋ ಈ ಮರೆವೂ ಅಷ್ಟೇ ಕಾರಣ ಎಂಬುದನ್ನು ಈ ಲೇಖನದಲ್ಲಿ ನಿಮ್ಮ ಮುಂದೆ ಇಡಲು ಬಯಸುತ್ತೇನೆ.

ನದಿ ಒಂದು, ಮಳೆ ಎರಡು

ಮಲಪ್ರಭಾ ನದಿಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಖಾನಾಪುರ, ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿಗಳನ್ನು ದಾಟಿ ಸವದತ್ತಿ ಹತ್ತಿರದ ನವಿಲುತೀರ್ಥದ ಕಣಿವೆಗೆ ಬರುತ್ತದೆ. ಅಲ್ಲಿಂದ ಮುನವಳ್ಳಿ, ರಾಮದುರ್ಗ, ಕೊಣ್ಣೂರು, ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹರಿದು, ಸುಮಾರು 300 ಕಿಲೋಮೀಟರ್ ದೂರ ಸಾಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

ಈ ಹಾದಿಯಲ್ಲಿ ಮಳೆಯ ಲೆಕ್ಕ ಹೇಗಿದೆ ನೋಡಿ. ಸಹ್ಯಾದ್ರಿಯ ನೆತ್ತಿಯಲ್ಲಿರುವ ಕಣಕುಂಬಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಪೂರ್ವಕ್ಕೆ ಬಂದ ಹಾಗೆ ಅದು ಕಡಿಮೆಯಾಗುತ್ತ ಹೋಗಿ, ರಾಮದುರ್ಗದ ಸುತ್ತ ಸುಮಾರು 500ರಿಂದ 600 ಮಿಲಿಮೀಟರಿಗೆ ಇಳಿಯುತ್ತದೆ. ಅಂದರೆ ಮಳೆ ಬೀಳುವ ಊರು ಒಂದು, ಹೊಳೆ ಬರುವ ಊರು ಇನ್ನೊಂದು. ರಾಮದುರ್ಗದಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ದಂಡೆ ಮೀರಿ ಬರಬಹುದು. ಆಕಾಶ ನೋಡಿ ನೆರೆಯನ್ನು ಅಳೆಯುವವರು ಇಲ್ಲಿಯೇ ಮೋಸ ಹೋಗುತ್ತಾರೆ.

ಎರಡನೆಯ ಬಗೆಯ ನೆರೆ ನಮ್ಮ ಬಯಲಿನದೇ. ನಮ್ಮ ಎರಿ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ. ಮೊದಲ ಮಳೆಗಳನ್ನು ಅದು ಗಟಗಟನೆ ಕುಡಿಯುತ್ತದೆ. ಆದರೆ ಒಮ್ಮೆ ನೆನೆದು ಉಬ್ಬಿ ಬಿರುಕು ಮುಚ್ಚಿತೆಂದರೆ, ಮುಂದೆ ಬಿದ್ದ ನೀರೆಲ್ಲ ಮೇಲೆಯೇ ಹರಿದು ಹಳ್ಳ ಸೇರುತ್ತದೆ. ವರ್ಷದ ಬಹುಪಾಲು ಒಣಗಿರುವ ಹಳ್ಳ ಒಂದು ತಾಸಿನಲ್ಲಿ ಆಳು ಮುಳುಗುವಷ್ಟು ತುಂಬುವುದು ಹೀಗೆ.

ಅಣೆಕಟ್ಟು ಬಂದ ಮೇಲೆ

ನವಿಲುತೀರ್ಥದಲ್ಲಿ 1970ರ ದಶಕದ ಆರಂಭಕ್ಕೆ ಅಣೆಕಟ್ಟು ಸಿದ್ಧವಾಯಿತು. ಅದರ ಹಿಂದೆ ನಿಂತ ಜಲಾಶಯವೇ ರೇಣುಕಾಸಾಗರ. ಪೂರ್ಣ ಮಟ್ಟ 2,079.50 ಅಡಿ, ಹಿಡಿಯುವ ನೀರು 37.73 ಟಿಎಂಸಿ ಅಡಿ. ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಜಿಲ್ಲೆಗಳ ಹೊಲಗಳಿಗೆ ಇದರ ಕಾಲುವೆ ನೀರು. ಹುಬ್ಬಳ್ಳಿ-ಧಾರವಾಡದ ಜನರಿಗೆ ಕುಡಿಯಲೂ ಇದೇ ನೀರು.

ಈ ಜಲಾಶಯದ ಇತಿಹಾಸವೂ ನೀರಿನ ಕೊರತೆಯ ಇತಿಹಾಸವೇ ಆಗಿದೆ. ಅದು ಭರ್ತಿಯಾಗದ ವರ್ಷಗಳೇ ಹೆಚ್ಚು. ಹೊಲಕ್ಕೆ ನೀರು ಸರಿಯಾಗಿ ಬಾರದಿದ್ದರೂ ಕರ ಕೇಳಿದರೆಂದು 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರು ಸಿಡಿದೆದ್ದರು. ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಮಹದಾಯಿಯ ನೀರನ್ನು ಕಳಸಾ-ಬಂಡೂರಿ ನಾಲೆಗಳ ಮೂಲಕ ಮಲಪ್ರಭೆಗೆ ತರಬೇಕೆಂದು 2015ರಿಂದ ನಡೆದ ದೀರ್ಘ ಧರಣಿಯೂ ನಿಮಗೆ ಗೊತ್ತಿರುವುದೇ.

ಹೀಗೆ ನೀರಿಗಾಗಿ ಹೋರಾಡಿದ ಜನರಿಗೆ ಅದೇ ನೀರು ಊರೊಳಗೆ ಬಂದೀತೆಂಬ ಎಣಿಕೆ ಹೇಗೆ ಇದ್ದೀತು? ಅಣೆಕಟ್ಟಿನ ಕೆಳಗೆ ವರ್ಷಾನುಗಟ್ಟಲೆ ನದಿ ಬತ್ತಿಯೇ ಇತ್ತು. ಪಾತ್ರದಲ್ಲಿ ಜಾಲಿ ಬೆಳೆಯಿತು, ಹೂಳು ತುಂಬಿತು. ದಂಡೆಯ ಹೊಲಗಳು ಒಂದೊಂದೇ ಸಾಲು ಮುಂದೆ ಸರಿದು ನದಿಯ ಒಡಲಿಗೇ ಇಳಿದವು. ಅಲ್ಲಿ ಕಬ್ಬು ಬೆಳೆಯಿತು. ಅಗಲವಾಗಿದ್ದ ಹೊಳೆ ಎಷ್ಟೋ ಕಡೆ ಕಾಲುವೆಯಷ್ಟಾಯಿತು. ಇದಕ್ಕೆ ಯಾರೋ ಒಬ್ಬರನ್ನು ದೂರಿ ಪ್ರಯೋಜನವಿಲ್ಲ. ಬತ್ತಿದ ಹೊಳೆಯನ್ನು ಕಂಡ ಒಂದು ತಲೆಮಾರು ಅದನ್ನು ತನ್ನ ನೆಲವೆಂದೇ ತಿಳಿಯಿತು. ಆದರೆ ನದಿಯ ಅಳತೆ ಬದಲಾಗುವುದಿಲ್ಲ.

2009: ಹಸ್ತ ಮಳೆ

2009ನೆಯ ವರ್ಷ ಇಡೀ ದೇಶಕ್ಕೆ ಬರದ ವರ್ಷ. ಮುಂಗಾರು ವಾಡಿಕೆಗಿಂತ ಐದನೆಯ ಒಂದು ಪಾಲಿಗೂ ಮಿಕ್ಕಿ ಕಡಿಮೆಯಾಗಿತ್ತು. 1972ರ ಬರದ ಅನಂತರ ಅಂಥ ಕೊರತೆ ಬಂದಿರಲಿಲ್ಲ. ಮಳೆ ಹೋಯಿತೆಂದು ಜನ ಕೈಬಿಟ್ಟಿದ್ದಾಗ, ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ ಹಸ್ತ ಮಳೆ ಹಿಡಿಯಿತು. ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ಮೋಡಗಳು ಉತ್ತರ ಕರ್ನಾಟಕದ ಒಣ ಬಯಲಿನ ಮೇಲೆ ನಾಲ್ಕಾರು ದಿನ ಸುರಿದವು. ಬಾಗಲಕೋಟೆ, ವಿಜಯಪುರ, ಗದಗ, ರಾಯಚೂರು, ಬೆಳಗಾವಿ ಜಿಲ್ಲೆಗಳು ತತ್ತರಿಸಿದವು. ಅತ್ತ ಮಂತ್ರಾಲಯ, ಕರ್ನೂಲು ಮುಳುಗಿದವು. ನಮ್ಮ ರಾಜ್ಯವೊಂದರಲ್ಲೇ 200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ನೀರಿನಲ್ಲಿ ಕೊಚ್ಚಿಹೋದವರಲ್ಲ. ತಮ್ಮ ಮನೆಯ ಗೋಡೆಯ ಕೆಳಗೆ ಸಿಕ್ಕವರು.

ಆಗ ಸರ್ಕಾರವು ದಾನಿಗಳ ನೆರವಿನಿಂದ 'ಆಸರೆ' ಎಂಬ ಯೋಜನೆಯಲ್ಲಿ ಊರುಗಳನ್ನು ಎತ್ತರದ ಜಾಗಕ್ಕೆ ಸಾಗಿಸಲು ಮನೆ ಕಟ್ಟಿಸಿತು. ಕೆಲವರು ಹೋದರು, ಕೆಲವರು ಹೋಗಲಿಲ್ಲ. ಹೋಗದವರಿಗೂ ಕಾರಣಗಳಿದ್ದವು. ಹೊಸ ಮನೆ ಚಿಕ್ಕದು, ದನ ಕಟ್ಟಲು, ಕಣಿಕೆ ಒಟ್ಟಲು ಜಾಗವಿಲ್ಲ, ಹೊಲ ದೂರ. ಮುಂದಿನ ವರ್ಷಗಳಲ್ಲಿ ಮತ್ತೆ ಬರ ಬಂದಾಗ ಹಳೆಯ ಊರೇ ಲೇಸೆನಿಸಿತು. ಎಷ್ಟೋ ಆಸರೆ ಮನೆಗಳು ಬೀಗ ಹಾಕಿಕೊಂಡು ನಿಂತವು.

2019: ಆಶ್ಲೇಷ ಮಳೆ

ಹತ್ತು ವರ್ಷಗಳ ಅನಂತರ, 2019ರ ಆಗಸ್ಟ್ ಮೊದಲ ವಾರಗಳಲ್ಲಿ, ಇನ್ನೊಂದು ಬಗೆಯ ನೆರೆ ಬಂತು. ಈ ಸಲ ಸುರಿದದ್ದು ಸಹ್ಯಾದ್ರಿಯಲ್ಲಿ. ಕಣಕುಂಬಿ, ಖಾನಾಪುರಗಳ ನೀರು ರೇಣುಕಾಸಾಗರವನ್ನು ಕೆಲವೇ ದಿನಗಳಲ್ಲಿ ತುಂಬಿಸಿತು. ಬಾಗಿಲು ತೆರೆಯದೆ ಗತಿಯಿರಲಿಲ್ಲ. ಮುನವಳ್ಳಿಯ ಹೊಳೆಬದಿಯ ಓಣಿಗಳು, ರಾಮದುರ್ಗದ ತಗ್ಗಿನ ಬಡಾವಣೆಗಳು, ಕಿಲಬನೂರ ನೀರಿಗೆ ಸಿಕ್ಕವು. ನೇಕಾರರ ಮಗ್ಗ, ನೂಲು ಕೆಸರಾದವು. ಕೊಣ್ಣೂರಿನ ಹತ್ತಿರ ಹುಬ್ಬಳ್ಳಿ-ಸೊಲ್ಲಾಪುರ ಹೆದ್ದಾರಿ ಬಂದಾಯಿತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತು. ರಾಜ್ಯದ 22 ಜಿಲ್ಲೆಗಳ 103 ತಾಲೂಕುಗಳನ್ನು ನೆರೆಪೀಡಿತವೆಂದು ಸರ್ಕಾರ ಘೋಷಿಸಿತು. 2009ರಲ್ಲಿ ಮುಳುಗಿ, ಆಸರೆ ಮನೆ ಸಿಕ್ಕಿಯೂ ಹಳೆಯ ಊರಲ್ಲೇ ಉಳಿದಿದ್ದ ಮಲಪ್ರಭೆಯ ದಂಡೆಯ ಅನೇಕ ಕುಟುಂಬಗಳು ಎರಡನೆಯ ಸಲ ಮನೆ ಬಿಟ್ಟು ಓಡಬೇಕಾಯಿತು.

"ಅಷ್ಟು ದೊಡ್ಡ ಡ್ಯಾಮ್ ಇದ್ದೂ ಹೇಗೆ ಮುಳುಗಿತು?" ಎಂದು ನೀವು ಕೇಳಬಹುದು. ವಿದ್ಯಾರ್ಥಿಗಳು ಈ ಸಣ್ಣ ಲೆಕ್ಕವನ್ನು ತಾವೇ ಮಾಡಿ ನೋಡಲಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾದರೆ ಸುಮಾರು 11,574 ಕ್ಯೂಸೆಕ್ ನೀರು ಒಂದು ದಿನ ಹರಿದರೆ ಒಂದು ಟಿಎಂಸಿ ಅಡಿ. ಒಳಹರಿವು ಒಂದು ಲಕ್ಷ ಕ್ಯೂಸೆಕ್ ಮುಟ್ಟಿತೆಂದರೆ ದಿನಕ್ಕೆ 8.6 ಟಿಎಂಸಿ ಅಡಿ! ಜಲಾಶಯದಲ್ಲಿ 10 ಟಿಎಂಸಿ ಅಡಿ ಜಾಗ ಉಳಿದಿದ್ದರೂ ಅದು ಸುಮಾರು 28 ತಾಸಿಗೆ ತುಂಬಿಬಿಡುತ್ತದೆ. ಹಾಗೆಂದು ಜುಲೈಯಲ್ಲೇ ಖಾಲಿ ಇಡೋಣವೆಂದರೆ, ಮುಂದೆ ಮಳೆ ಕೈಕೊಟ್ಟರೆ ಹೊಲಕ್ಕೂ ಇಲ್ಲ, ಕುಡಿಯಲೂ ಇಲ್ಲ. ಈ ಇಕ್ಕಟ್ಟು ಅರ್ಥವಾದರೆ ಒಂದು ವಿಷಯ ಮನದಟ್ಟಾಗುತ್ತದೆ: ಅಣೆಕಟ್ಟು ನಮಗೆ ಒಂದೆರಡು ದಿನದ ಕಾಲಾವಕಾಶ ಕೊಡಬಹುದು, ಅಭಯ ಕೊಡಲಾರದು. ಆ ಅವಕಾಶವನ್ನು ಬಳಸಿಕೊಳ್ಳಬೇಕಾದವರು ನಾವು.

ಮಳೆ ನಿಂತ ಮೇಲಿನ ಅಪಾಯ

2021ರ ಅಕ್ಟೋಬರ್ 6ರಂದು ಬೆಳಗಾವಿ ತಾಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಯಿಂದ ನೆನೆದಿದ್ದ ಮನೆಯ ಗೋಡೆ ಬಿದ್ದು ಏಳು ಜನ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಅಲ್ಲಿ ಹೊಳೆ ಉಕ್ಕಿರಲಿಲ್ಲ. ಅದೂ ಹಸ್ತ ಮಳೆಯ ಕಾಲವೇ ಎಂಬುದನ್ನು ಗಮನಿಸಿ.

ನಮ್ಮ ಮಣ್ಣಿನ ಗೋಡೆಯ ಮಾಳಿಗೆ ಮನೆಗಳು ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಒಣ ಹವೆಗೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ. ಆದರೆ ಮೇಲ್ಛಾವಣಿಯ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಗೋಡೆಯ ಬುಡ ನೆನೆದು ಮೆತ್ತಗಾಗುತ್ತದೆ. ಮಳೆ ನಿಂತು ಬಿಸಿಲು ಬಿದ್ದಾಗ ಗೋಡೆ ಒಣಗಿ ಬಿರಿದು ಕುಸಿಯುವುದೂ ಉಂಟು. ಆದ್ದರಿಂದ "ಮಳೆ ಹೋಯಿತು, ಇನ್ನೇನು ಭಯ" ಎಂದು ಅದೇ ಗೋಡೆಯ ಪಕ್ಕ ಮಕ್ಕಳನ್ನು ಮಲಗಿಸಬಾರದು. ಹೊಸ ಬಿರುಕು, ಉಬ್ಬಿದ ಗೋಡೆ, ಮಣ್ಣು ಉದುರುವ ಜಂತಿ, ಬಿಗಿಯಾದ ಬಾಗಿಲು ಕಂಡರೆ ಆ ರಾತ್ರಿಯೇ ಬೇರೆ ಕಡೆ ಮಲಗಿರಿ.

ನಾವು ಮಾಡಬೇಕಾದದ್ದು

ಕರ್ನಾಟಕವು 1988ರಲ್ಲಿ ಒಂದು ಬರ ಉಸ್ತುವಾರಿ ಕೋಶವನ್ನು ಸ್ಥಾಪಿಸಿತು. 2007ರಲ್ಲಿ ಅದು ನೈಸರ್ಗಿಕ ವಿಕೋಪಗಳೆಲ್ಲವನ್ನೂ ನೋಡಿಕೊಳ್ಳುವ ಕೇಂದ್ರವಾಯಿತು. ಬರಕ್ಕಾಗಿ ಹುಟ್ಟಿದ ಸಂಸ್ಥೆಯೇ ನೆರೆಯ ಕಡೆಗೂ ಕಣ್ಣು ತೆರೆಯಿತು. ನಾವೂ ಹಾಗೆಯೇ ತೆರೆಯಬೇಕಾಗಿದೆ.

ಮೊದಲನೆಯದಾಗಿ, ಮಳೆಗಾಲದಲ್ಲಿ ನಿಮ್ಮ ಊರಿನ ಮೋಡವನ್ನಷ್ಟೇ ನೋಡಬೇಡಿ. ಖಾನಾಪುರದ ಸುದ್ದಿಯನ್ನೂ ಕೇಳಿ. ಹಬ್ಬನಹಟ್ಟಿಯ ಹೊಳೆದಂಡೆಯ ಮಾರುತಿ ಗುಡಿ ಮುಳುಗಿತೆಂಬ ವರ್ತಮಾನ ಪತ್ರಿಕೆಯಲ್ಲಿ ಬಂದರೆ, ಆ ನೀರು ನಮ್ಮ ಕಡೆಗೇ ಹೊರಟಿದೆ ಎಂದು ತಿಳಿಯಿರಿ. ನವಿಲುತೀರ್ಥದ ಮಟ್ಟ 2,079 ಅಡಿಯ ಹತ್ತಿರ ಬಂದಾಗ, ಕೆಳಗಿನ ಊರಿನವರು ಡಂಗುರಕ್ಕೆ ಕಾಯದೆ ಸಿದ್ಧರಾಗಬೇಕು.

ಎರಡನೆಯದಾಗಿ, ಮನೆ ಬಿಡುವ ಮುನ್ನ ವಿದ್ಯುತ್ತಿನ ಮೇನ್ ಸ್ವಿಚ್ ಇಳಿಸಿ, ಗ್ಯಾಸ್ ಸಿಲಿಂಡರ್ ಬಂದ್ ಮಾಡಿ. ದನಕರುಗಳನ್ನು ಎತ್ತರಕ್ಕೆ ಹೊಡೆದುಕೊಂಡು ಹೋಗಿ. ಅದಕ್ಕೆ ಸಮಯವಿಲ್ಲದಿದ್ದರೆ ಹಗ್ಗವನ್ನಾದರೂ ಬಿಚ್ಚಿಬಿಡಿ. ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡು, ಮನೆ ಉತಾರಗಳನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಮಳೆಗಾಲಕ್ಕೆ ಮುಂಚೆಯೇ ಕಟ್ಟಿಡಿ. 2019ರಲ್ಲಿ ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಯಾದ ಮನೆಗೆ 50 ಸಾವಿರ ರೂಪಾಯಿ ಪರಿಹಾರ ನಿಗದಿಯಾಗಿತ್ತು. ಕಾಗದಪತ್ರ ಮತ್ತು ಬಿದ್ದ ಮನೆಯ ಫೋಟೋ ಎಷ್ಟು ಮುಖ್ಯವೆಂಬುದನ್ನು ಈ ಅಂತರವೇ ಹೇಳುತ್ತದೆ.

ಮೂರನೆಯದಾಗಿ, ಹರಿಯುವ ನೀರಿಗೆ ಇಳಿಯಬೇಡಿ. ರಭಸದ ನೀರು ಪಾದ ಮುಳುಗಿ ಹರಡು ದಾಟಿದರೆ ಸಾಕು, ನಿಂತ ಆಳನ್ನು ಬೀಳಿಸಬಲ್ಲದು. ಎರಡು ಅಡಿ ನೀರು ಕಾರು, ಜೀಪುಗಳನ್ನೂ ತೇಲಿಸುತ್ತದೆ. ಹಳ್ಳದ ಸೇತುವೆಯ ಮೇಲೆ ನೀರಿದ್ದಾಗ "ದಿನಾ ಓಡಾಡುವ ದಾರಿ" ಎಂಬ ಧೈರ್ಯ ಸಲ್ಲದು. ಕೆಳಗೆ ರಸ್ತೆ ಉಳಿದಿದೆಯೋ ಇಲ್ಲವೋ ಕಾಣುವುದಿಲ್ಲ. ಸಿಕ್ಕಿಹಾಕಿಕೊಂಡರೆ 112ಕ್ಕೆ ಅಥವಾ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಕರೆ ಮಾಡಿ. ನೀರು ಇಳಿದ ಮೇಲೆ ಬಾವಿ, ಟಾಕಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ನೀರನ್ನು ಕುದಿಸಿ ಆರಿಸಿ ಕುಡಿಯಿರಿ. ಒಳಗೆ ಕಾಲಿಡುವಾಗ ಹಾವು, ಚೇಳುಗಳ ಬಗ್ಗೆ ಎಚ್ಚರವಿರಲಿ.

ನಾಲ್ಕನೆಯದು ಸಂಘದ ಸದಸ್ಯರಿಗೆ ಮತ್ತು ವಿದ್ಯಾರ್ಥಿಗಳಿಗೆ. ಊರಲ್ಲಿ ಎತ್ತರದ ಜಾಗದಲ್ಲಿರುವ ಶಾಲೆ, ಮಸೀದಿ, ಮಠ, ಶಾದಿ ಮಹಲ್, ಸಮುದಾಯ ಭವನಗಳ ಪಟ್ಟಿ ಮಾಡಿ, ಕೀಲಿ ಯಾರ ಹತ್ತಿರ ಇರುತ್ತದೆ ಎಂಬುದನ್ನೂ ಬರೆದಿಡಿ. ನಡೆಯಲಾಗದ ವೃದ್ಧರು, ಬಾಣಂತಿಯರು, ಒಂಟಿ ಹೆಣ್ಣುಮಕ್ಕಳು ಯಾವ ಓಣಿಯಲ್ಲಿದ್ದಾರೆ ಎಂಬುದು ನಿಮಗೆ ಗೊತ್ತಿರಲಿ. ನೀರು ಮನೆ ನೋಡಿ ಬರುವುದಿಲ್ಲ. ನೆರವೂ ಮನೆ ನೋಡಿ ಹೋಗಬಾರದು.

ಕೊನೆಯದಾಗಿ ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ಕೆಲಸ. 2009ರಲ್ಲಿ ಮತ್ತು 2019ರಲ್ಲಿ ನಿಮ್ಮ ಊರಿನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹಿರಿಯರನ್ನು ಕೇಳಿ. ಆ ಜಾಗಕ್ಕೆ ಅವರನ್ನೇ ಕರೆದುಕೊಂಡು ಹೋಗಿ, ಶಾಲೆಯ ಗೋಡೆಗೋ ಪಂಚಾಯಿತಿಯ ಕಂಬಕ್ಕೋ ಬಣ್ಣದಿಂದ ಗೆರೆ ಎಳೆದು ವರ್ಷವನ್ನು ಬರೆಯಿರಿ. ಮುಂದೆ ಆ ಗೆರೆಯ ಕೆಳಗೆ ಮನೆ ಕಟ್ಟುವವನು ತಿಳಿದು ಕಟ್ಟಲಿ, ನಿವೇಶನ ಕೊಳ್ಳುವವನು ತಿಳಿದು ಕೊಳ್ಳಲಿ. ಡೋಗಿ ಬರಕ್ಕೆ ಹೆಸರಿಟ್ಟ ಜನ ಅದನ್ನು ಇನ್ನೂರು ವರ್ಷ ನೆನಪಿಟ್ಟರು. ನೆರೆಯ ನೆನಪನ್ನು ಇಪ್ಪತ್ತು ವರ್ಷವಾದರೂ ಕಾಪಾಡಿಕೊಳ್ಳುವುದು ನಮ್ಮಿಂದ ಆಗದ ಕೆಲಸವೇನಲ್ಲ.