ಮಣೂಕದ ದ್ರಾವಣ ಮತ್ತು ಪೇಟೆಂಟಿನ ಕಥೆ

ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ನೀವು ವಿಜಯಪುರದಿಂದ ತಿಕೋಟಾ ಅಥವಾ ಬಬಲೇಶ್ವರದ ಕಡೆ ಹೊರಟರೆ ತೋಟಗಳ ಪಕ್ಕದಲ್ಲಿ ನೆರಳಿನ ಶೆಡ್ಡುಗಳು ಕಾಣುತ್ತವೆ. ಒಳಗೆ ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿ ಒಣಗಿ ಮಣೂಕವಾಗುತ್ತಿರುತ್ತದೆ. ಅದಕ್ಕೆ ಮುಂಚೆ ಗೊಂಚಲನ್ನು ಕೆಲವು ನಿಮಿಷ ಒಂದು ದ್ರಾವಣದಲ್ಲಿ ಅದ್ದುತ್ತಾರೆ. ಅದರಲ್ಲಿರುವುದು ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್. ಇವು ಸಿಪ್ಪೆಯ ಮೇಲಿನ ಮೇಣವನ್ನು ಸಡಿಲಿಸುವುದರಿಂದ ಹಣ್ಣಿನ ನೀರು ಬೇಗ ಆರುತ್ತದೆ.

ಈ ಪೊಟ್ಯಾಸಿಯಂ ಕಾರ್ಬೊನೇಟಿಗೂ ಪೇಟೆಂಟಿನ ಚರಿತ್ರೆಗೂ ಹಳೆಯ ನಂಟು. ಅಮೆರಿಕ ಸಂಯುಕ್ತ ಸಂಸ್ಥಾನವು ತನ್ನ ಮೊದಲ ಪೇಟೆಂಟನ್ನು ಕೊಟ್ಟದ್ದು 1790ರ ಜುಲೈ 31ರಂದು, ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಎಂಬಾತನಿಗೆ. ಮರದ ಬೂದಿಯನ್ನು ಕುಲುಮೆಯಲ್ಲಿ ಮತ್ತೊಮ್ಮೆ ಸುಟ್ಟು ಪೊಟ್ಯಾಶ್ ತೆಗೆಯುವ ವಿಧಾನವದು. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರೇ ಅದಕ್ಕೆ ಸಹಿ ಹಾಕಿದರು. ಆದರೆ ಆ ಸಹಿ ಗಡಿಯಾಚೆ ನಡೆಯಲಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಹಕ್ಕು ಬೇಕಾದಾಗ 1791ರಲ್ಲಿ ಹಾಪ್ಕಿನ್ಸ್, ಮತ್ತೊಬ್ಬನ ಜೊತೆಗೂಡಿ, ಬೇರೆಯದೇ ಪತ್ರ ಪಡೆಯಬೇಕಾಯಿತು. ಇಂದಿಗೂ ನಿಯಮ ಅದೇ. ಇಡೀ ಜಗತ್ತಿಗೆ ಸಲ್ಲುವ ಪೇಟೆಂಟ್ ಎಂಬುದೊಂದಿಲ್ಲ.

ಹಾಗಾದರೆ ಎಣಿಸುವುದು ಹೇಗೆ? ಅಮೆರಿಕದಲ್ಲಿ ಈಗಿನ ಕ್ರಮಸಂಖ್ಯೆ ಆರಂಭವಾದದ್ದು 1836ರಲ್ಲಿ. 2018ರ ಜೂನ್‌ನಲ್ಲಿ ಅದು ಒಂದು ಕೋಟಿ ಮುಟ್ಟಿತು. ನಮ್ಮಲ್ಲಿ ಮೊದಲ ಕಾನೂನು ಬಂದದ್ದು 1856ರಲ್ಲಿ. ಆ ವರ್ಷ ಕಲ್ಕತ್ತೆಯಲ್ಲಿ ಡಿಪೆನ್ನಿಂಗ್ ಎಂಬ ಎಂಜಿನಿಯರ್ ಸಲ್ಲಿಸಿದ ಮೊದಲ ಅರ್ಜಿ ಪಂಖಾ ಎಳೆಯುವ ಯಂತ್ರದ್ದು! ಒಂದೇ ಶೋಧಕ್ಕೆ ಹತ್ತು ದೇಶಗಳಲ್ಲಿ ಪೇಟೆಂಟ್ ಪಡೆದರೆ ಹತ್ತು ಸಂಖ್ಯೆಗಳಾಗುತ್ತವೆ. ಆದರೆ ಶೋಧ ಒಂದೇ. ಇಂಥ ಗುಂಪನ್ನು ತಜ್ಞರು 'ಪೇಟೆಂಟ್ ಕುಟುಂಬ' ಎನ್ನುತ್ತಾರೆ. ಅರ್ಜಿಯ ಸಂಖ್ಯೆ ಬೇರೆ, ಮಂಜೂರಾದ ಪೇಟೆಂಟಿನ ಸಂಖ್ಯೆ ಬೇರೆ. ಇವನ್ನು ಬೆರೆಸಿ ಕೂಡಿದರೆ ಲೆಕ್ಕ ತಪ್ಪುತ್ತದೆ.

ಹುಡುಕುವುದು ಇನ್ನೂ ಸೂಕ್ಷ್ಮ ಕೆಲಸ. ಗಾಯಕ್ಕೆ ಅರಿಶಿನ ಹಚ್ಚುವುದು ನಮ್ಮ ಅಜ್ಜಿಯರಿಗೆಲ್ಲ ಗೊತ್ತು. ಆದರೂ 1995ರಲ್ಲಿ ಅಮೆರಿಕ ಅದಕ್ಕೆ ಪೇಟೆಂಟ್ ಕೊಟ್ಟಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನೂ ಲೇಖನಗಳನ್ನೂ ಮುಂದಿಟ್ಟು ವಾದಿಸಿದ ಮೇಲೆ 1997ರಲ್ಲಿ ಅದು ಬಿದ್ದುಹೋಯಿತು. ಗೆದ್ದುಕೊಟ್ಟದ್ದು ಬಾಯಿಮಾತಲ್ಲ, ಬರಹದ ಸಾಕ್ಷಿ.

ಈಗ ತಿಕೋಟಾದ ಬೆಳೆಗಾರರೊಬ್ಬರು ಮಣೂಕ ಒಣಗಿಸುವ ಹೊಸ ಯಂತ್ರ ಕಟ್ಟಿದರೆಂದು ಭಾವಿಸಿ. ಅವರು ಮೊದಲು ಮಾಡಬೇಕಾದದ್ದು ಹುಡುಕಾಟ. ಭಾರತದ ಪೇಟೆಂಟ್ ಕಚೇರಿ, ಯೂರೋಪಿನ ಪೇಟೆಂಟ್ ಕಚೇರಿ, ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಗಳ ಕಡತಗಳನ್ನು ಕಂಪ್ಯೂಟರಿನಲ್ಲಿ ಪುಕ್ಕಟೆಯಾಗಿ ನೋಡಬಹುದು. ಬರೀ ಶಬ್ದ ಹಿಡಿದು ಹುಡುಕಿದರೆ ಸಾಲದು. ಒಬ್ಬ 'ರೈಸಿನ್' ಎಂದದ್ದನ್ನು ಇನ್ನೊಬ್ಬ 'ಸುಲ್ತಾನಾ' ಎಂದಿರುತ್ತಾನೆ. ಅದಕ್ಕೇ ಅಂತರರಾಷ್ಟ್ರೀಯ ವರ್ಗೀಕರಣವಿದೆ. 'ಎಫ್ 26 ಬಿ' ಎಂದರೆ ಯಾವ ಭಾಷೆಯ ಪೇಟೆಂಟಿನಲ್ಲೂ ವಸ್ತುಗಳನ್ನು ಒಣಗಿಸುವ ವಿಭಾಗವೇ.

ಯಂತ್ರ ನಿಜಕ್ಕೂ ಹೊಸದಾಗಿದ್ದರೆ, ಮಾರುವ ಮುಂಚೆಯೇ ಅರ್ಜಿ ಹಾಕಬೇಕು. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಚೆನ್ನೈನಲ್ಲಿದೆ. ಮಂಜೂರಾದರೆ ಅರ್ಜಿಯ ದಿನದಿಂದ 20 ವರ್ಷದ ಹಕ್ಕು. ನವೀಕರಣ ಶುಲ್ಕ ತಪ್ಪಿದರೆ ಅದೂ ಇಲ್ಲ. ಅರ್ಜಿಯ ದಿನದಿಂದ 12 ತಿಂಗಳೊಳಗೆ ಹೊರದೇಶಗಳಲ್ಲೂ ಅರ್ಜಿ ಹಾಕಿದರೆ ಮೊದಲ ದಿನಾಂಕವೇ ಅಲ್ಲಿಯೂ ನಿಲ್ಲುತ್ತದೆ. ಇದು 1883ರ ಪ್ಯಾರಿಸ್ ಒಪ್ಪಂದದ ಕೊಡುಗೆ. ಭಾರತ ಅದನ್ನು ಸೇರಿದ್ದು 1998ರಲ್ಲಿ.

ಕೊಳ್ಳುವವರಿಗೂ ಇದು ಬೇಕಾದ ತಿಳಿವಳಿಕೆ. 'ಪೇಟೆಂಟ್ ಪಡೆದ ಔಷಧಿ' ಎಂದು ಯಾರಾದರೂ ಹೆಚ್ಚು ಬೆಲೆ ಹೇಳಿದರೆ ಮೂರು ಪ್ರಶ್ನೆ ಕೇಳಿ: ಯಾವ ದೇಶದ್ದು? ಸಂಖ್ಯೆ ಎಷ್ಟು? ಈಗಲೂ ಜಾರಿಯಲ್ಲಿದೆಯೇ? ಜಾರಿಯಲ್ಲಿದ್ದರೂ ಅದು ಹೊಸತನಕ್ಕೆ ಸಿಕ್ಕ ಹಕ್ಕು. ಔಷಧಿ ಬೆಳೆಗೆ ಹಿಡಿಸುತ್ತದೆಂಬ ಭರವಸೆ ಅಲ್ಲ.