ಆಯ್ಕೆಯ ನ್ಯಾಯ: ಜಿ.ಆರ್. ವಿಶ್ವನಾಥರ ಆಟ ಮತ್ತು ಹೊಣೆ

ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಮಗ್ಗುಲಲ್ಲಿರುವ ಕಾಮಾಕ್ಷಿಪಾಳ್ಯವು ಸಣ್ಣ ಕೈಗಾರಿಕೆಗಳ, ದುಡಿಯುವ ಜನರ ಬಡಾವಣೆ. ಇಂತಹ ಬಡಾವಣೆಗಳ ಓಣಿಗಳಲ್ಲಿ ನಡೆಯುವ ಕ್ರಿಕೆಟ್ಟಿಗೂ ಹಳ್ಳಿಯ ಚಿನ್ನಿದಾಂಡು, ಕಬಡ್ಡಿಗಳಿಗೂ ಒಂದು ನಂಟಿದೆ. ಅದು ಆಳು ಹಂಚಿಕೊಳ್ಳುವ ಕ್ರಮ. ಸರಿಸಮರಾದ ಇಬ್ಬರು ಜೋಡಿಯಾಗಿ ದೂರ ಹೋಗಿ, ಗುಟ್ಟಿನ ಹೆಸರಿಟ್ಟುಕೊಂಡು ನಾಯಕರ ಮುಂದೆ ಬಂದು ನಿಲ್ಲುತ್ತಾರೆ. ಯಾವ ಹೆಸರು ಯಾರದೆಂದು ತಿಳಿಯದೆ ನಾಯಕನು ಒಂದನ್ನು ಆರಿಸುತ್ತಾನೆ. ಪಕ್ಷಪಾತಕ್ಕೆ ಎಡೆಯಿಲ್ಲದಂತೆ ಜನಪದರು ಕಂಡುಕೊಂಡ ಉಪಾಯವಿದು. ಸಂಘಟಿತ ಕ್ರೀಡೆಯಲ್ಲಿ ಈ ಮರೆ ಇಲ್ಲ. ಅಲ್ಲಿ ಆಯ್ಕೆಗಾರನಿಗೆ ಆಟಗಾರನ ಹೆಸರೂ ಗೊತ್ತು, ಊರೂ ಗೊತ್ತು. ಆದ್ದರಿಂದ ನ್ಯಾಯದ ಭಾರವೆಲ್ಲ ಆತನ ಮನಸ್ಸಿನ ಮೇಲೆಯೇ ಬೀಳುತ್ತದೆ. ಈ ಹಿನ್ನೆಲೆಯಲ್ಲಿ ಗುಂಡಪ್ಪ ರಂಗನಾಥ ವಿಶ್ವನಾಥರ ಬದುಕು ಪರಿಶೀಲನಾರ್ಹವಾದುದು.

1949ರ ಫೆಬ್ರವರಿ 12ರಂದು ಭದ್ರಾವತಿಯಲ್ಲಿ ಜನಿಸಿದ ವಿಶ್ವನಾಥರು ಎಳವೆಯಲ್ಲಿ ಕುಳ್ಳನೆಂಬ ಕಾರಣಕ್ಕೆ ತಂಡದಿಂದ ಹೊರಗುಳಿದರೆಂಬ ಮಾತು ಕ್ರೀಡಾಭಿಮಾನಿಗಳ ನಡುವೆ ಬಹುಕಾಲದಿಂದ ಬಳಕೆಯಲ್ಲಿದೆ. 1967ರಲ್ಲಿ ಅಂದಿನ ಮೈಸೂರು ರಾಜ್ಯದ ಪರವಾಗಿ ಆಂಧ್ರದ ವಿರುದ್ಧ ವಿಜಯವಾಡದಲ್ಲಿ ಆಡಿದ ಚೊಚ್ಚಲ ಪಂದ್ಯದಲ್ಲಿಯೇ ಅವರು 230 ಓಟಗಳನ್ನು ಗಳಿಸಿದರು. 1969ರಲ್ಲಿ ಕಾನ್ಪುರದ ಪ್ರಥಮ ಟೆಸ್ಟಿನಲ್ಲಿ ಮೊದಲು ಸೊನ್ನೆ, ಅನಂತರ 137. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ 1973–74ರ ಋತುವಿನಲ್ಲಿಯೇ, ಸತತ ಹದಿನೈದು ವರ್ಷ ರಣಜಿ ಕಿರೀಟ ಧರಿಸಿದ್ದ ಮುಂಬಯಿಯನ್ನು ಪ್ರಸನ್ನರ ನಾಯಕತ್ವದ ತಂಡವು ಬೆಂಗಳೂರಿನ ಉಪಾಂತ್ಯದಲ್ಲಿ ಹಿಂದಿಕ್ಕಿತು. ಆ ಪಂದ್ಯದಲ್ಲಿ ವಿಶ್ವನಾಥರದು ಶತಕದ ಆಟ.

‘ವಿಶಿ ನೂರು ಹೊಡೆದರೆ ಭಾರತಕ್ಕೆ ಸೋಲಿಲ್ಲ’ ಎಂಬುದು ನಾಣ್ನುಡಿಯಂತೆ ಹರಡಿದ ಮಾತು. ಜನರ ಬಾಯಿಮಾತು ಸಾಮಾನ್ಯವಾಗಿ ಉತ್ಪ್ರೇಕ್ಷೆಯನ್ನು ಹೊತ್ತಿರುತ್ತದೆ. ಇಲ್ಲಿ ಮಾತ್ರ ಅಂಕಪಟ್ಟಿಯೂ ಅದನ್ನೇ ಸಮರ್ಥಿಸುತ್ತದೆ: 91 ಟೆಸ್ಟುಗಳಲ್ಲಿ ಗಳಿಸಿದ 14 ಶತಕಗಳ ಪೈಕಿ ನಾಲ್ಕು ಗೆಲುವಿನಲ್ಲಿ, ಹತ್ತು ಸಮಬಲದಲ್ಲಿ ಕೊನೆಗೊಂಡಿವೆ.

ಆದರೆ ಅವರ ವ್ಯಕ್ತಿತ್ವವನ್ನು ತಿಳಿಯಲು ಒಂದು ಸೋಲನ್ನೇ ನೋಡಬೇಕು. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವದ ಟೆಸ್ಟಿನಲ್ಲಿ ಇಂಗ್ಲೆಂಡ್ 58 ಓಟಗಳಿಗೆ ಐವರನ್ನು ಕಳೆದುಕೊಂಡಿತ್ತು. ಬಾಬ್ ಟೇಲರ್ ಔಟೆಂದು ತೀರ್ಪುಗಾರರು ಬೆರಳೆತ್ತಿದರೂ, ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಮನಗಂಡ ನಾಯಕ ವಿಶ್ವನಾಥರು ಆತನನ್ನು ಮರಳಿ ಕರೆದರು. ಟೇಲರ್ ಮತ್ತು ಬೋಥಮ್ 171 ಓಟಗಳ ಜೊತೆಯಾಟ ಕಟ್ಟಿದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ತಮ್ಮ ಪಕ್ಷಕ್ಕೆ ನಷ್ಟವಾದರೂ ಸರಿ, ಸಲ್ಲಬೇಕಾದುದು ಸಲ್ಲಬೇಕೆಂಬ ನಿಲುವು ಅದು.

ಇದೇ ನಿಲುವು ಮತ್ತೆ ಒರೆಗೆ ಹತ್ತಿದ್ದು ಅವರು ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದಾಗ. ಅಂದಿನ ಸಮಿತಿಯಲ್ಲಿ ಐದು ವಲಯಗಳಿಗೆ ಐವರು ಸದಸ್ಯರು. ಪ್ರತಿಯೊಬ್ಬ ಸದಸ್ಯನೂ ತನ್ನ ವಲಯದವರಿಗೆ ಮಣೆ ಹಾಕುವನೆಂಬ ಶಂಕೆ ಆ ಏರ್ಪಾಡಿನಲ್ಲಿಯೇ ಅಡಗಿತ್ತು. 1996ರ ಇಂಗ್ಲೆಂಡ್ ಪ್ರವಾಸಕ್ಕೆ ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್, ಸುನಿಲ್ ಜೋಶಿ, ರಾಹುಲ್ ದ್ರಾವಿಡ್ ಹೀಗೆ ಐವರು ಕನ್ನಡಿಗರು ಹೊರಟಾಗ ಅಧ್ಯಕ್ಷರೂ ಕನ್ನಡಿಗರೆಂಬುದು ಯಾರ ಕಣ್ಣಿಗಾದರೂ ಬೀಳುವಂತಹುದೇ. ಆ ಋತುವಿನ ರಣಜಿ ಟ್ರೋಫಿಯನ್ನು ಕರ್ನಾಟಕವೇ ಗೆದ್ದಿತ್ತೆಂಬುದನ್ನೂ ಇಲ್ಲಿ ಗಮನಿಸಬೇಕು. ಶಂಕೆಗೆ ಉತ್ತರ ದೊರೆತದ್ದು ಲಾರ್ಡ್ಸ್ ಅಂಗಳದಲ್ಲಿ. ಪ್ರಸಾದ್ ಒಂದೇ ಸರದಿಯಲ್ಲಿ ಐದು ವಿಕೆಟ್ ಪಡೆದರು. ದ್ರಾವಿಡ್ ಪ್ರಥಮ ಟೆಸ್ಟಿನಲ್ಲಿಯೇ 95 ಓಟ ಗಳಿಸಿದರು. ಬಂಗಾಳದ ಸೌರವ್ ಗಂಗೂಲಿಯವರು ಅಲ್ಲಿಯೇ 131 ಓಟ ಗಳಿಸಿದ್ದು ಅದೇ ಸಮಿತಿಯ ಆಯ್ಕೆಯ ಫಲ. ಆಯ್ಕೆಗೆ ಊರು ಅಳತೆಗೋಲಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮುಂದೆ 1999ರಿಂದ 2004ರವರೆಗೆ ವಿಶ್ವನಾಥರು ಅಂತಾರಾಷ್ಟ್ರೀಯ ಪಂದ್ಯ ರೆಫರಿಯಾಗಿ ಕಾರ್ಯನಿರ್ವಹಿಸಿದರು. ಅವರ ಕಾಲದಲ್ಲಿ ಆಯ್ಕೆಯಾದ ಗದಗಿನ ಸುನಿಲ್ ಜೋಶಿಯವರು 2020ರಲ್ಲಿ ಅದೇ ಆಯ್ಕೆ ಸಮಿತಿಯ ಅಧ್ಯಕ್ಷಪೀಠವನ್ನೇರಿದರು. ಹೀಗೆ ಆರಿಸಲ್ಪಟ್ಟವನೇ ಆರಿಸುವವನಾಗುವ ಪರಂಪರೆಯೊಂದು ಕನ್ನಡ ನಾಡಿನಲ್ಲಿ ಬೆಳೆದಿದೆ. ಓಣಿಯ ಹುಡುಗರು ಗುಟ್ಟಿನ ಹೆಸರಿನಿಂದ ಕಾಯ್ದುಕೊಳ್ಳುವ ನ್ಯಾಯವನ್ನು, ಹೆಸರು ತಿಳಿದೂ ಕಾಯುವುದೇ ಆಯ್ಕೆಗಾರನ ಹಿರಿಮೆ.