ಗಾಳದ ಕೋಲಿಗೆ ಆಸರೆ: ಒಂದು ಸನ್ನೆಯ ಚರಿತ್ರೆ

ಮರದ ಮೀಟರ್ ಸ್ಕೇಲೊಂದರ ತುದಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯಿರಿ. ಇನ್ನೊಂದು ತುದಿಗೆ ಅರ್ಧ ಕಿಲೋಗ್ರಾಂ ತೂಕದ ಕಲ್ಲನ್ನು ಕಟ್ಟಿ, ಸ್ಕೇಲನ್ನು ಅಡ್ಡವಾಗಿ ನಿಲ್ಲಿಸಲು ಪ್ರಯತ್ನಿಸಿ. ಆಗುವುದಿಲ್ಲ. ಅದೇ ಕಲ್ಲನ್ನು ನೇರವಾಗಿ ಎರಡೇ ಬೆರಳಿನಿಂದ ಎತ್ತಬಲ್ಲಿರಿ. ಹಾಗಾದರೆ ನಮ್ಮನ್ನು ಸೋಲಿಸಿದ್ದು ಕಲ್ಲಿನ ತೂಕವಲ್ಲ, ಆ ತೂಕ ನಮ್ಮ ಬೆರಳಿನ ಸುತ್ತ ಉಂಟುಮಾಡಿದ ಟಾರ್ಕ್, ಅಂದರೆ ತಿರುಗಿಸುವ ಪರಿಣಾಮ. ದೋಣಿಯಲ್ಲಿ ಕುಳಿತು ಗಾಳದ ಕೋಲಿನಿಂದ ದೊಡ್ಡ ಮೀನು ಹಿಡಿಯಹೊರಟವರೂ ಇದೇ ತೊಡಕನ್ನು ಎದುರಿಸಿದರು. ಕೋಲನ್ನು ಹಿಡಿದು ನಿಲ್ಲಿಸುವ ಸಾಧನವನ್ನು, ಅಂದರೆ ಹೋಲ್ಡರನ್ನು, ಆಯ್ಕೆ ಮಾಡುವ ಪ್ರಶ್ನೆ ಹುಟ್ಟಿದ್ದು ಅಲ್ಲಿಂದಲೇ.

ಕತೆ ಆರಂಭವಾಗುವುದು ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಗೆ ಸಮೀಪದ ಕ್ಯಾಟಲೀನಾ ದ್ವೀಪದಲ್ಲಿ. ಅಲ್ಲಿನ ಕಡಲಿನಲ್ಲಿ 1898ರಲ್ಲಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಎಂಬ ಪ್ರಕೃತಿ ಲೇಖಕರು ಕೋಲು ಮತ್ತು ರೀಲು ಬಳಸಿ 183 ಪೌಂಡ್, ಅಂದರೆ ಸುಮಾರು 83 ಕಿಲೋಗ್ರಾಂ ತೂಕದ ಟ್ಯೂನಾ ಮೀನನ್ನು ಹಿಡಿದರು. ಅವರ ಹೆಸರೇ ಹೋಲ್ಡರ್ ಆಗಿದ್ದುದು ಕೇವಲ ಕಾಕತಾಳೀಯ! ಅದೇ ವರ್ಷ ಅವರು ಅಲ್ಲಿನ ಆವಲಾನ್ ಪಟ್ಟಣದಲ್ಲಿ ಟ್ಯೂನಾ ಕ್ಲಬ್ಬನ್ನು ಸ್ಥಾಪಿಸಿದರು. ಆ ದಿನಗಳ ರೀಲಿನಲ್ಲಿ ಮೀನು ದಾರ ಎಳೆದಂತೆಲ್ಲ ಹಿಡಿಯೂ ಹಿಂದಕ್ಕೆ ಗಿರನೆ ತಿರುಗಿ ಬೆರಳ ಗೆಣ್ಣುಗಳಿಗೆ ಬಡಿಯುತ್ತಿತ್ತು. ದಾರವನ್ನು ತಡೆಯಲು ಇದ್ದದ್ದು ಹೆಬ್ಬೆರಳಿನಿಂದ ಒತ್ತುವ ಚರ್ಮದ ತುಂಡು ಮಾತ್ರ.

ಇದಕ್ಕೆ ಪರಿಹಾರ ಸೂಚಿಸಿದವರು ವಿಲಿಯಂ ಬೋಶನ್. ಅವರ ಕಲ್ಪನೆಯಂತೆ ಜೂಲಿಯಸ್ ವೋಮ್ ಹೋಫ್ ಎಂಬ ರೀಲು ತಯಾರಕರು 1910ರ ದಶಕದ ಆರಂಭದಲ್ಲಿ ಘರ್ಷಣೆಯ ಬಿಲ್ಲೆಗಳಿರುವ ರೀಲನ್ನು ನಿರ್ಮಿಸಿದರು. ನಕ್ಷತ್ರಾಕಾರದ ತಿರುಪನ್ನು ಬಿಗಿಮಾಡಿದಷ್ಟೂ ಬಿಲ್ಲೆಗಳ ನಡುವಿನ ಘರ್ಷಣೆ ಹೆಚ್ಚುತ್ತದೆ. ದಾರದ ಎಳೆತ ಆ ಮಿತಿಯನ್ನು ಮೀರಿದರೆ ಬಿಲ್ಲೆಗಳು ಜಾರಿ ದಾರ ಬಿಚ್ಚಿಕೊಳ್ಳುತ್ತದೆ, ಹಿಡಿ ಮಾತ್ರ ತಿರುಗುವುದಿಲ್ಲ. ಈ ವ್ಯವಸ್ಥೆಗೆ 'ಡ್ರ್ಯಾಗ್' ಎಂದು ಹೆಸರು. 1913ರಲ್ಲಿ ಬೋಶನ್ ಕ್ಯಾಟಲೀನಾದಲ್ಲಿಯೇ ಕೋಲು ಮತ್ತು ರೀಲಿನಿಂದ ಮೊದಲ ಕತ್ತಿಮೀನನ್ನು ಹಿಡಿದರು.

ಭೌತವಿಜ್ಞಾನದ ದೃಷ್ಟಿಯಲ್ಲಿ ಡ್ರ್ಯಾಗ್‌ನ ಮಹತ್ತ್ವ ಇನ್ನೂ ದೊಡ್ಡದು. ಮೀನಿನ ತೂಕ ಎಷ್ಟೇ ಇರಲಿ, ಕೋಲಿನ ಮೇಲೆ ಬೀಳುವ ಎಳೆತಕ್ಕೆ ಈಗ ಒಂದು ಮಿತಿ ದೊರೆಯಿತು. ಮಿತಿ ತಿಳಿದಿದ್ದರೆ ಲೆಕ್ಕ ಹಾಕಬಹುದು. ಲೆಕ್ಕ ಹಾಕಬಹುದಾದರೆ ಹೋಲ್ಡರನ್ನು ಊಹೆಯಿಂದ ಆರಿಸಬೇಕಾಗಿಲ್ಲ.

ಆ ಲೆಕ್ಕವನ್ನು ನಾವೂ ಮಾಡಿ ನೋಡೋಣ. ದಾರ 60 ಕಿಲೋಗ್ರಾಂ ಭಾರ ತಾಳಬಲ್ಲದು ಎನ್ನಿ. ವಾಡಿಕೆಯಂತೆ ಡ್ರ್ಯಾಗನ್ನು ಅದರ ಮೂರನೇ ಒಂದು ಪಾಲಿಗೆ, ಅಂದರೆ 20 ಕಿಲೋಗ್ರಾಂ-ಭಾರಕ್ಕೆ ಹೊಂದಿಸಿದ್ದೇವೆ. ಕೋಲಿನ ಉದ್ದ 1.8 ಮೀಟರ್. ಕೋಲು ಬಾಗಿಲ್ಲ, ಎಳೆತ ಅದಕ್ಕೆ ಲಂಬವಾಗಿದೆ ಎಂದು ಭಾವಿಸೋಣ. ಕೋಲಿನ ಬುಡವನ್ನು 20 ಸೆಂಟಿಮೀಟರ್ ಆಳದ ಕೊಳವೆಯಂಥ ಹೋಲ್ಡರಿನಲ್ಲಿ ನಿಲ್ಲಿಸಿದ್ದೇವೆ. ಬುಡವನ್ನು ಆಧಾರಬಿಂದುವೆಂದು ತೆಗೆದುಕೊಂಡರೆ, ಕೊಳವೆಯ ಬಾಯಿ ಕೋಲನ್ನು ತಡೆದು ನಿಲ್ಲಿಸಬೇಕಾದ ಬಲ 20 × 1.8 ÷ 0.2, ಅಂದರೆ 180 ಕಿಲೋಗ್ರಾಂ-ಭಾರ! ತಳದಲ್ಲಿ ವಿರುದ್ಧ ದಿಕ್ಕಿಗೆ 160 ಕಿಲೋಗ್ರಾಂ-ಭಾರ. ವಾಸ್ತವದಲ್ಲಿ ಕೋಲು ಬಾಗುವುದರಿಂದ ಸನ್ನೆಯ ತೋಳು ಕುಗ್ಗುತ್ತದೆ, ಬಲಗಳೂ ಕಡಿಮೆಯಾಗುತ್ತವೆ. ಆದರೂ ತೆಳುವಾದ ಫೈಬರ್ ಗಾಜಿನ ಅಂಚಿಗೆ ನಾಲ್ಕು ಸ್ಕ್ರೂ ಹೊಡೆದು ಕೂರಿಸಿದ ಹೋಲ್ಡರು ಕಿತ್ತುಬರುವುದೇಕೆಂದು ಈಗ ನಿಮಗೆ ಅರ್ಥವಾಗಿರಬೇಕು.

ಹೋಲ್ಡರ್ ಆರಿಸುವ ಸೂತ್ರಗಳೂ ಇಲ್ಲಿಯೇ ಇವೆ. ಕೊಳವೆ ಆಳವಾದಷ್ಟೂ ಬಲ ಕಡಿಮೆ. ಅಂಚಿನ ಅಡಿಯಲ್ಲಿ ಅಗಲವಾದ ಲೋಹದ ಪಟ್ಟಿ ಇಟ್ಟು ಬೋಲ್ಟು ಬಿಗಿದರೆ ಬಲ ಹೆಚ್ಚು ವಿಸ್ತೀರ್ಣಕ್ಕೆ ಹಂಚಿಹೋಗುತ್ತದೆ. ಉಪ್ಪುನೀರಿಗೆ ಮಾಲಿಬ್ಡಿನಮ್ ಬೆರೆತ 316 ದರ್ಜೆಯ ತುಕ್ಕುರಹಿತ ಉಕ್ಕು 304ಕ್ಕಿಂತ ಮೇಲು. ಪ್ಲಾಸ್ಟಿಕ್ಕಿನ ಹೋಲ್ಡರು ಕೆರೆಯ ಸಣ್ಣ ಮೀನಿಗೆ ಸಾಕು, ಆದರೆ ಬಿಸಿಲಿನ ಅತಿನೇರಿಳೆ ಕಿರಣ ಅದನ್ನು ವರ್ಷಗಳಲ್ಲಿ ಪೆಡಸಾಗಿಸುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು. ದಾರ ಬಿಚ್ಚಿಹೋದಂತೆ ರೀಲಿನ ಸುರುಳಿಯ ತ್ರಿಜ್ಯ ಕುಗ್ಗುತ್ತದೆ. ಡ್ರ್ಯಾಗ್‌ನ ಟಾರ್ಕ್ ಬದಲಾಗದಿದ್ದರೆ, ತ್ರಿಜ್ಯ ಅರ್ಧವಾದಾಗ ಎಳೆತ ಇಮ್ಮಡಿ. ಆದ್ದರಿಂದ ಹೋಲ್ಡರಿನ ತಾಳಿಕೆಯಲ್ಲಿ ಜಿಪುಣತನ ಸಲ್ಲದು.

ಹೀಗೆ ನೆಟ್ಟ ಹೋಲ್ಡರು ಮೀನಿಗಾಗಿ ಕಾಯುವುದಕ್ಕೆ ಸರಿ. ಮೀನು ಸಿಕ್ಕ ಮೇಲೆ ಬೇಟೆಗಾರ ಕೋಲನ್ನು ಎತ್ತಿ ಇಳಿಸಿ ದಾರ ಸುತ್ತಬೇಕಲ್ಲ? ಇದಕ್ಕಾಗಿ ಬಂದದ್ದು, ದೋಣಿಗೆ ಭದ್ರವಾಗಿ ಕೂರಿಸಿದ ಕುರ್ಚಿ. ಅದರ ಮುಂಭಾಗದಲ್ಲಿ ಅಚ್ಚಿನ ಮೇಲೆ ತೂಗಾಡುವ ಲೋಹದ ಬಟ್ಟಲು, ಅಂದರೆ 'ಗಿಂಬಲ್'. ಕೋಲಿನ ಬುಡ ಅದರೊಳಗೆ ಕೂರುತ್ತದೆ. ಗಿಂಬಲ್ ಎಂಬ ಕಲ್ಪನೆ ಬಹಳ ಹಳೆಯದು. ಹಡಗಿನ ದಿಕ್ಸೂಚಿಯನ್ನು ಸಮತಲದಲ್ಲಿ ಇರಿಸಿದ್ದು ಅದೇ. 16ನೇ ಶತಮಾನದ ಇಟಲಿಯ ಗಣಿತಜ್ಞ ಕಾರ್ಡಾನೊ ಅದನ್ನು ವರ್ಣಿಸಿದ್ದರಿಂದ ಅವರ ಹೆಸರೂ ಅದಕ್ಕೆ ಅಂಟಿಕೊಂಡಿದೆ, ಅವರು ಅದರ ಮೂಲ ನಿರ್ಮಾತೃವಲ್ಲದಿದ್ದರೂ!

ಹೂತ ಕಂಬಕ್ಕೂ ಬಾಗಿಲ ತಿರುಗಣೆಗೂ ಇರುವ ವ್ಯತ್ಯಾಸವನ್ನು ನೆನಪಿಸಿಕೊಳ್ಳಿ. ಹೂತ ಕಂಬ ಬಲವನ್ನೂ ಟಾರ್ಕನ್ನೂ ತಡೆಯುತ್ತದೆ. ತಿರುಗಣೆ ಬಲವನ್ನಷ್ಟೇ ತಡೆಯುತ್ತದೆ, ತಿರುಗುವ ದಿಕ್ಕಿನಲ್ಲಿ ಟಾರ್ಕನ್ನು ತಡೆಯಲಾರದು. ಗಿಂಬಲ್ ಒಂದು ತಿರುಗಣೆ. ಅದರಲ್ಲಿ ಕೂತ ಕೋಲು ಮೂರನೇ ವರ್ಗದ ಸನ್ನೆ. ಬುಡದಿಂದ 0.6 ಮೀಟರ್ ದೂರದಲ್ಲಿ ಕೈಯಿದ್ದರೆ, 20 ಕಿಲೋಗ್ರಾಂ-ಭಾರದ ಎಳೆತಕ್ಕೆ ಕೈ 60 ಕಿಲೋಗ್ರಾಂ-ಭಾರ ಎಳೆಯಬೇಕು. ರೀಲಿಗೆ ಸಿಕ್ಕಿಸಿದ ಪಟ್ಟಿಯನ್ನು ಬೆನ್ನಿಗೆ ಬಿಗಿದು, ಕಾಲು ಒದ್ದು ಕೂರುವುದು ಇದಕ್ಕೇ.

1939ರಲ್ಲಿ ನ್ಯೂಯಾರ್ಕಿನಲ್ಲಿ ಅಂತಾರಾಷ್ಟ್ರೀಯ ಗೇಮ್ ಫಿಶ್ ಅಸೋಸಿಯೇಶನ್ ಸ್ಥಾಪನೆಯಾಯಿತು. ದಾಖಲೆಗಳಿಗಾಗಿ ಅದು ಇಟ್ಟುಕೊಂಡಿರುವ ನಿಯಮಗಳನ್ನು ನೋಡಿ. ಮೀನಿನೊಡನೆ ಸೆಣಸುವಾಗ ಕೋಲು ಹೋಲ್ಡರಿನಲ್ಲಾಗಲಿ ದೋಣಿಯ ಅಂಚಿನ ಮೇಲಾಗಲಿ ಒರಗಿರಬಾರದು. ಗಿಂಬಲ್ ಇರಬಹುದು, ಆದರೆ ಅದು ಮುಕ್ತವಾಗಿ ತೂಗಾಡಬೇಕು. ಕ್ರೀಡೆಯ ನ್ಯಾಯದಂತೆ ಕಾಣುವ ಈ ಮಾತು ನಿಜಕ್ಕೂ ಸ್ಥಿತಿವಿಜ್ಞಾನದ ಒಂದು ವಾಕ್ಯ: ದೋಣಿ ಬಲವನ್ನು ಹೊರಲಿ, ಟಾರ್ಕನ್ನು ಮನುಷ್ಯನೇ ಹೊರಬೇಕು. 1953ರಲ್ಲಿ ಪೆರು ದೇಶದ ಕಾಬೊ ಬ್ಲಾಂಕೊ ಬಳಿ ಆಲ್ಫ್ರೆಡ್ ಗ್ಲಾಸೆಲ್ 1,560 ಪೌಂಡ್, ಅಂದರೆ ಸುಮಾರು 707 ಕಿಲೋಗ್ರಾಂ ತೂಕದ ಕಪ್ಪು ಮಾರ್ಲಿನ್ ಮೀನನ್ನು ಹಿಡಿದು ಮಾಡಿದ ದಾಖಲೆಯ ಬೆಲೆ ಇಂಥ ನಿಯಮದಲ್ಲಿದೆ. ನೆಟ್ಟ ಹೋಲ್ಡರಿನಲ್ಲೇ ಕೋಲನ್ನಿಟ್ಟು ದಣಿಸಿದ್ದರೆ ಅದು ದೋಣಿಯ ಸಾಧನೆಯಾಗುತ್ತಿತ್ತು, ಮನುಷ್ಯನದಲ್ಲ.

ತರಗತಿಯಲ್ಲಿ ಟಾರ್ಕ್ ಪಾಠ ಬಂದಾಗ, ಮೊದಲು ಹೇಳಿದ ಮೀಟರ್ ಸ್ಕೇಲನ್ನು ವಿದ್ಯಾರ್ಥಿಗಳ ಕೈಗೆ ಕೊಡಿ. ತುದಿಯನ್ನು ಒಮ್ಮೆ ಮೇಜಿನ ಬಿಗಿಹಿಡಿಯಲ್ಲಿ ಸಿಕ್ಕಿಸಲಿ. ಇನ್ನೊಮ್ಮೆ ತುದಿಯ ರಂಧ್ರಕ್ಕೆ ಮೊಳೆ ತೂರಿಸಿ, ಸ್ಕೇಲನ್ನು ನಡುವೆ ಕೈಯಿಂದ ಎತ್ತಿ ಹಿಡಿಯಲಿ. ಯಾವುದು ಏನನ್ನು ಹೊರುತ್ತದೆ ಎಂಬುದನ್ನು ಅವರ ಮಣಿಕಟ್ಟೇ ಹೇಳಿಕೊಡುತ್ತದೆ.